ಸೋಲಿಸಿದವರ ಎದುರಿಗೇ ಮತ್ತೆ



1994ರ ಏಪ್ರಿಲ್ 30ರಂದು ಟೋಕಿಯೊದ ಯೊಯೊಗಿ ಕ್ರೀಡಾಂಗಣದಲ್ಲಿ ಕೆ-1 ಗ್ರ್ಯಾನ್ ಪ್ರೀ ಎಂಬ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ನಡೆಯಿತು. ಸ್ವಿಟ್ಜರ್ಲೆಂಡಿನ ಆ್ಯಂಡಿ ಹುಗ್ ಆ ಸಂಜೆ ರಿಂಗಿಗೆ ಇಳಿದಾಗ ಜಪಾನಿನ ಪ್ರೇಕ್ಷಕರಿಗೆ ಅವರ ಮೇಲೆ ಬಹಳ ನಿರೀಕ್ಷೆ ಇತ್ತು. ಹಿಂದಿನ ವರ್ಷದ ಚಾಂಪಿಯನ್ ಬ್ರಾಂಕೊ ಸಿಕಾಟಿಚ್ ಅವರನ್ನು ಎರಡು ತಿಂಗಳ ಹಿಂದಷ್ಟೇ ಹುಗ್ ಮಣಿಸಿದ್ದರು. ಈಗ ಎದುರಿಗಿದ್ದವರು ಅಮೆರಿಕದ ಪ್ಯಾಟ್ರಿಕ್ ಸ್ಮಿತ್. ಗಂಟೆ ಹೊಡೆದ ಕೂಡಲೇ ಸ್ಮಿತ್ ನುಗ್ಗಿ ಬಂದು ಮುಖದ ಮೇಲೆ ಗುದ್ದಿನ ಮಳೆ ಸುರಿಸಿದರು. ಹುಗ್ ನೆಲಕ್ಕೆ ಬಿದ್ದರು. ಪಂದ್ಯ ಮುಗಿಯಿತು. ಗಡಿಯಾರ ತೋರಿಸಿದ್ದು 19 ಸೆಕೆಂಡು.

ಅದೇ ವರ್ಷದ ಸೆಪ್ಟೆಂಬರ್ 18ರಂದು ಯೊಕೊಹಾಮಾದಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಈ ಸಲ 56ನೇ ಸೆಕೆಂಡಿನಲ್ಲಿ ಹುಗ್ ಅವರ ಮೊಣಕಾಲಿನ ಹೊಡೆತಕ್ಕೆ ಸ್ಮಿತ್ ಕುಸಿದರು. ಹತ್ತೊಂಬತ್ತು ಸೆಕೆಂಡಿನಲ್ಲಿ ಸೋತವನಿಗೆ ಸುಲಭದ ಎದುರಾಳಿಯೊಬ್ಬನನ್ನು ಕೊಟ್ಟು, ಒಂದೆರಡು ಗೆಲುವು ಸಿಕ್ಕಿದ ಮೇಲೆ ಮೆಲ್ಲಗೆ ಮೇಲೆತ್ತುವುದು ಈ ವೃತ್ತಿಯಲ್ಲಿ ರೂಢಿಯಲ್ಲಿರುವ ದಾರಿ. ಹುಗ್ ಆ ದಾರಿ ಹಿಡಿಯಲಿಲ್ಲ. ತಮ್ಮನ್ನು ಕೆಡವಿದವರ ಮುಂದೆಯೇ ಹೋಗಿ ನಿಲ್ಲುವುದು ಅವರ ಇಡೀ ಕ್ರೀಡಾಜೀವನದ ರೀತಿಯಾಗಿತ್ತು. ಇಂದಿನ ನನ್ನ ಮಾತು ಅದರ ಸುತ್ತಲೇ ಇದೆ.

ಮೊದಲು ಈ ಆಟದ ವಿಚಾರ ಸ್ವಲ್ಪ ಹೇಳಬೇಕು. ಕರಾಟೆ ಎಂದರೆ ನಮ್ಮ ನಾಡಿನಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗುವವರು 'ಕರಾಟೆ ಕಿಂಗ್' ಎಂದೇ ಕರೆಸಿಕೊಂಡ ಶಂಕರ್‌ನಾಗ್. ಕರಾಟೆ ತರಗತಿಗಳನ್ನು ಕಾಣದ ಊರು ಕರ್ನಾಟಕದಲ್ಲಿ ಈಗ ಕಡಿಮೆ. ಕಿಕ್‌ಬಾಕ್ಸಿಂಗ್ ಅದರ ಹತ್ತಿರದ ನಂಟ. ಕೈಗೆ ಗ್ಲೌಸ್ ತೊಟ್ಟು ಬಾಕ್ಸಿಂಗಿನಂತೆ ಗುದ್ದಬಹುದು, ಕಾಲಿನಿಂದ ತೊಡೆಗೆ, ಪಕ್ಕೆಗೆ, ತಲೆಗೆ ಒದೆಯಬಹುದು. ಕೆ-1 ಪಂದ್ಯಗಳಲ್ಲಿ ಮೊಣಕಾಲಿನಿಂದ ಹೊಡೆಯಲೂ ಅವಕಾಶವಿತ್ತು, ಮೊಣಕೈ ಮಾತ್ರ ನಿಷಿದ್ಧ. ಕುಸ್ತಿಯಂತೆ ಹಿಡಿದು ಕೆಡವುವುದಕ್ಕೂ, ಬಿದ್ದವನ ಮೇಲೆ ಹೊಡೆಯುವುದಕ್ಕೂ ಇಲ್ಲಿ ಜಾಗವಿಲ್ಲ. ಮೂರು ಮೂರು ನಿಮಿಷದ ಸುತ್ತುಗಳು. ಗ್ರ್ಯಾನ್ ಪ್ರೀ ಅಂತಿಮ ಹಂತದಲ್ಲಿ ಎಂಟು ಜನ ಒಂದೇ ಸಂಜೆ ಸೆಣಸುತ್ತಿದ್ದರು. ಪಟ್ಟ ಬೇಕೆಂದರೆ ಕೆಲವೇ ಗಂಟೆಗಳೊಳಗೆ ಮೂವರನ್ನು ಸೋಲಿಸಬೇಕು. ಮೊದಲ ಪಂದ್ಯದಲ್ಲಿ ಊದಿಕೊಂಡ ಕಾಲಿನಲ್ಲೇ ಮೂರನೆಯದನ್ನೂ ಆಡಬೇಕು. 1993ರಲ್ಲಿ ಇದನ್ನು ಆರಂಭಿಸಿದವರು ಕಜುಯೋಶಿ ಇಶೀ ಎಂಬ ಕರಾಟೆ ಗುರು. ಕರಾಟೆಯವರು, ಥಾಯ್ ಬಾಕ್ಸಿಂಗಿನವರು, ಹಾಲೆಂಡಿನ ಕಿಕ್‌ಬಾಕ್ಸರುಗಳು ಎಲ್ಲರೂ ಒಂದೇ ನಿಯಮದ ಕೆಳಗೆ ಹೋರಾಡಿದರೆ ಯಾರು ಮೇಲು ಎಂಬ ಪ್ರಶ್ನೆಗೆ ರಿಂಗಿನಲ್ಲೇ ಉತ್ತರ ಹುಡುಕುವ ಆಸೆ ಅವರದು.

ಆ್ಯಂಡಿ ಹುಗ್ ಹುಟ್ಟಿದ್ದು 1964ರ ಸೆಪ್ಟೆಂಬರ್ 7ರಂದು, ಜ್ಯೂರಿಕ್ ನಗರದಲ್ಲಿ. ತಂದೆ ಫ್ರಾನ್ಸಿನ ವಿದೇಶಿ ಪಡೆಯ ಸೈನಿಕ. ಮಗನ ಮುಖವನ್ನು ಒಮ್ಮೆಯೂ ನೋಡದೆ ಥಾಯ್ಲೆಂಡಿನಲ್ಲಿ ತೀರಿಕೊಂಡರು. ತಾಯಿಗೆ ದುಡಿಯದೆ ವಿಧಿಯಿಲ್ಲ. ಆರ್ಗೌ ಪ್ರಾಂತ್ಯದ ವೊಹ್ಲೆನ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿ ಈ ಹುಡುಗನನ್ನೂ ಅವನ ಒಡಹುಟ್ಟಿದವರನ್ನೂ ಸಾಕಿದರು. ಕೈ ಬಿಗಿಯಾದ ಸಂಸಾರ. ಹುಡುಗ ಫುಟ್‌ಬಾಲ್ ಆಡಿದ, ಹತ್ತನೆಯ ವಯಸ್ಸಿಗೆ ಕರಾಟೆ ಹಿಡಿದ. ದೊಡ್ಡವನಾದ ಮೇಲೆ ಹೊಟ್ಟೆಪಾಡಿಗೆ ಕಟುಕನ ಕೆಲಸ ಕಲಿತ. ಹಗಲು ಮಾಂಸದಂಗಡಿ, ಸಂಜೆ ಕರಾಟೆ ಶಾಲೆ.

ಅವರು ಕಲಿತ ಕರಾಟೆ ಕ್ಯೊಕುಶಿನ್ ಪರಂಪರೆಯದು. ಮುಂದೆ ಹುಗ್ ಅವರ ಗೆಲುವು ಸೋಲು ಎರಡಕ್ಕೂ ಕಾರಣವಾದದ್ದು ಈ ಶಿಕ್ಷಣವೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆ ನಿಂತ ಮಸುತಾತ್ಸು ಒಯಾಮಾ ಈ ಪಂಥದ ಸ್ಥಾಪಕರು. ಮುಟ್ಟಿದಂತೆ ಮಾಡಿ ಅಂಕ ಗಳಿಸುವ ಕರಾಟೆ ಅವರಿಗೆ ಹಿಡಿಸಲಿಲ್ಲ. ಹೊಡೆತ ನಿಜವಾಗಿ ಬೀಳಬೇಕು, ತಿಂದವನು ನಿಜವಾಗಿ ತಡೆದುಕೊಳ್ಳಬೇಕು ಎಂಬುದು ಅವರ ಪಟ್ಟು. ಕ್ಯೊಕುಶಿನ್ ಪಂದ್ಯದಲ್ಲಿ ಗ್ಲೌಸ್ ಇಲ್ಲ, ರಕ್ಷಾಕವಚವಿಲ್ಲ. ಬರಿಗೈಯಿಂದ ಎದೆಗೆ, ಹೊಟ್ಟೆಗೆ ಗುದ್ದುತ್ತಾರೆ. ತೊಡೆಗೆ ಒದ್ದು ಒದ್ದು ಎದುರಾಳಿ ನಿಲ್ಲಲಾರದ ಹಾಗೆ ಮಾಡುತ್ತಾರೆ. ಕಾಲಿನಿಂದ ತಲೆಗೆ ಒದೆಯಬಹುದು. ಆದರೆ ಕೈಯಿಂದ ಮುಖಕ್ಕೆ ಗುದ್ದುವಂತಿಲ್ಲ. ಹೀಗಾಗಿ ಕ್ಯೊಕುಶಿನ್ ಹೋರಾಟಗಾರನ ಕಾಲುಗಳು ಉಕ್ಕಾಗುತ್ತವೆ, ಮೈ ನೋವನ್ನು ನುಂಗುವುದನ್ನು ಕಲಿಯುತ್ತದೆ. ಮುಖದ ಮುಂದೆ ಕೈ ಹಿಡಿದು ಕಾಯುವ ಅಭ್ಯಾಸ ಮಾತ್ರ ಬೆಳೆಯುವುದಿಲ್ಲ, ಯಾಕೆಂದರೆ ಅಲ್ಲಿಗೆ ಗುದ್ದು ಬರುವುದೇ ಇಲ್ಲ.

ಹುಗ್ ಈ ಶಿಕ್ಷಣದಲ್ಲಿ ಬಹುಬೇಗ ಮೇಲೆ ಬಂದರು. ಅವರ ಎತ್ತರ 180 ಸೆಂಟಿಮೀಟರ್. ಭಾರಿ ತೂಕದ ಹೋರಾಟಗಾರರ ನಡುವೆ ಅದು ಕಡಿಮೆಯೇ. ಆ ಎತ್ತರದವನು ತನಗಿಂತ ಉದ್ದದವರ ತಲೆಯನ್ನು ಮುಟ್ಟುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನು ಕೊಡಲಿ ಒದೆತ ಎನ್ನಬಹುದು. ಕಾಲನ್ನು ನೇರವಾಗಿ ಎದುರಾಳಿಯ ತಲೆಗಿಂತ ಮೇಲಕ್ಕೆ ಎತ್ತಿ, ಅಲ್ಲಿಂದ ಹಿಮ್ಮಡಿಯನ್ನು ನೆತ್ತಿಯ ಮೇಲೋ ಹೆಗಲ ಮೂಳೆಯ ಮೇಲೋ ಕೆಡವುವುದು. ಇದನ್ನು ಅವರಿಗಿಂತ ಮೊದಲು ಬಳಸಿದವರಿದ್ದಾರೆ. ಆದರೆ ಇಷ್ಟು ವೇಗವಾಗಿ, ಇಷ್ಟು ಸಲ, ಇಷ್ಟು ದೊಡ್ಡ ಪಂದ್ಯಗಳಲ್ಲಿ ಬಳಸಿದವರನ್ನು ಜಪಾನ್ ನೋಡಿರಲಿಲ್ಲ. ಆ ಸೊಂಟದ ಬಳುಕು ಸುಮ್ಮನೆ ಬರುವಂಥದ್ದಲ್ಲ. ದಿನವೂ ಮೈ ಹುರಿ ಮಾಡುವವನಿಗೆ ಮಾತ್ರ ಒಲಿಯುತ್ತದೆ.

1987ರಲ್ಲಿ ಟೋಕಿಯೊದಲ್ಲಿ ನಡೆದ ನಾಲ್ಕನೆಯ ಕ್ಯೊಕುಶಿನ್ ವಿಶ್ವ ಪಂದ್ಯಾವಳಿಯಲ್ಲಿ 23 ವರ್ಷದ ಹುಗ್ ಫೈನಲ್ ತಲುಪಿದರು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಸ್ಪರ್ಧೆಯ ಫೈನಲ್‌ಗೆ ಜಪಾನಿನ ಹೊರಗಿನವರು ಅಲ್ಲಿಯವರೆಗೆ ಬಂದಿರಲಿಲ್ಲ. ಜಪಾನಿನ ಮಾನ ಕಾಯುವ ಹೊಣೆ ಹೊತ್ತು ಎದುರು ನಿಂತವರು ಅಕಿಯೋಶಿ ಮತ್ಸುಯಿ. 1984ರ ವಿಶ್ವ ಪಂದ್ಯಾವಳಿಯಲ್ಲಿ ಹುಗ್ ಅವರನ್ನು ಹೊರಗೆ ಕಳಿಸಿದ್ದವರೂ ಅವರೇ. ಈ ಬಾರಿಯೂ ತೀರ್ಪು ಮತ್ಸುಯಿ ಅವರ ಪರವಾಯಿತು. ಆದರೆ ಅಂದಿನಿಂದ ಜಪಾನಿನ ಕರಾಟೆ ಲೋಕ ಈ ನೀಲಿ ಕಣ್ಣಿನ ಯುವಕನ ಹೆಸರನ್ನು ಮರೆಯಲಿಲ್ಲ. ಮುಂದೆ ಅವರಿಗೆ ಅಂಟಿಕೊಂಡ ಬಿರುದೂ ಅದೇ: ನೀಲಿ ಕಣ್ಣಿನ ಸಮುರಾಯಿ.

ನಾಲ್ಕು ವರ್ಷ ಕಳೆಯಿತು. 1991ರ ವಿಶ್ವ ಪಂದ್ಯಾವಳಿಯಲ್ಲಿ ಬ್ರೆಜಿಲ್‌ನ 20 ವರ್ಷದ ಫ್ರಾನ್ಸಿಸ್ಕೊ ಫಿಲ್ಹೊ ಅವರ ಎದುರು ಹುಗ್ ಆಡಿದರು. ಅಲ್ಲಿ ನಡೆದದ್ದನ್ನು ಕರಾಟೆಯವರು ಇವತ್ತಿಗೂ ವಾದಿಸುತ್ತಾರೆ. ಸಮಯ ಮುಗಿದ ಸಂಕೇತ ಮೊಳಗುವುದಕ್ಕೂ ಫಿಲ್ಹೊ ಅವರ ಕಾಲು ಮೇಲೇಳುವುದಕ್ಕೂ ಸರಿಹೋಯಿತು. ಹುಗ್ ಕೈ ಇಳಿಸಿದ್ದರು. ಒದೆತ ತಲೆಗೆ ಬಿತ್ತು, ಅವರು ಪ್ರಜ್ಞೆ ತಪ್ಪಿ ಬಿದ್ದರು. ಸಂಕೇತವಾದ ಮೇಲೆ ಬಿದ್ದ ಹೊಡೆತ ಇದು ಎಂದು ಸ್ವಿಸ್ ತಂಡ ದೂರಿತು. ಒಯಾಮಾ ಒಪ್ಪಲಿಲ್ಲ. ಹೋರಾಟಗಾರ ಎಚ್ಚರ ತಪ್ಪಬಾರದು ಎಂಬುದು ಅವರ ನಿಲುವು. ಗೆಲುವು ಫಿಲ್ಹೊ ಅವರದೇ ಎಂದು ನಿಂತಿತು. ಆ ತೀರ್ಮಾನ ಕಠೋರವಾದದ್ದು ಎಂದೇ ನನ್ನ ಅಭಿಪ್ರಾಯ. ನಿಯಮ ಇರುವುದು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದಕ್ಕೆ. ಆದರೂ ಹುಗ್ ಈ ಸೋಲನ್ನು ಹೊತ್ತುಕೊಂಡು ಮುಂದೆ ನಡೆದರು. ಅದೇ ಫಿಲ್ಹೊ 1999ರಲ್ಲಿ ಆ ವಿಶ್ವ ಪಟ್ಟವನ್ನು ಗೆದ್ದ ಮೊದಲ ವಿದೇಶಿಯರಾದರು. ಅಂದರೆ ಹುಗ್ ಸೋತದ್ದು ಸಾಮಾನ್ಯರ ಕೈಯಲ್ಲಲ್ಲ.

ಇದಾದ ಮೇಲೆ ಹುಗ್ ಕ್ಯೊಕುಶಿನ್ ಬಿಟ್ಟು ಇಶೀ ಅವರ ಸೇದೊಕೈಕಾನ್ ಸಂಸ್ಥೆಗೆ ಸೇರಿದರು, 1992ರಲ್ಲಿ ಅದರ ವಿಶ್ವಕಪ್ ಗೆದ್ದರು. ಅಲ್ಲಿಂದ ಕಿಕ್‌ಬಾಕ್ಸಿಂಗ್ ರಿಂಗಿಗೆ ಒಂದೇ ಹೆಜ್ಜೆ. 1993ರ ನವೆಂಬರಿನಲ್ಲಿ ಆ ಹೆಜ್ಜೆ ಇಟ್ಟರು. ಆಗ ಅವರ ವಯಸ್ಸು 29.

ಈ ವಯಸ್ಸನ್ನು ಗಮನಿಸಬೇಕು. ಹಾಲೆಂಡಿನ ಪೀಟರ್ ಆರ್ಟ್ಸ್, ಅರ್ನೆಸ್ಟೊ ಹೋಸ್ಟ್ ಮುಂತಾದವರು ಹದಿಹರೆಯದಲ್ಲೇ ಗ್ಲೌಸ್ ತೊಟ್ಟು ಬೆಳೆದವರು. ಮುಖಕ್ಕೆ ಬರುವ ಗುದ್ದನ್ನು ನೋಡುವುದು, ತಲೆ ತಗ್ಗಿಸುವುದು, ಪಕ್ಕಕ್ಕೆ ಸರಿಯುವುದು ಅವರಿಗೆ ಉಸಿರಾಟದಷ್ಟು ಸಹಜ. ಹುಗ್ ಇಪ್ಪತ್ತರ ಹರೆಯವನ್ನೆಲ್ಲ ಮುಖಕ್ಕೆ ಗುದ್ದೇ ಬೀಳದ ಆಟದಲ್ಲಿ ಕಳೆದು ಬಂದಿದ್ದರು. ಪ್ಯಾಟ್ರಿಕ್ ಸ್ಮಿತ್ ಎದುರಿನ ಆ 19 ಸೆಕೆಂಡುಗಳ ವಿವರಣೆ ಇದರಲ್ಲಿದೆ. ಬೇರೆ ಕಾರಣ ಹುಡುಕಬೇಕಾಗಿಲ್ಲ. ಮೂವತ್ತರ ಹೊಸ್ತಿಲಲ್ಲಿ ನಿಂತು, ಒಂದು ಕಲೆಯಲ್ಲಿ ಜಗತ್ತಿನ ಮೊದಲ ಸಾಲಿನವನೆನಿಸಿಕೊಂಡವನು, ಇನ್ನೊಂದರಲ್ಲಿ ಮೊದಲ ಪಾಠದಿಂದ ಕಲಿಯಲು ಕೂರುವುದು ಎಷ್ಟು ಕಷ್ಟವೆಂದು ಯೋಚಿಸಿ. ಅದೂ ಟೆಲಿವಿಷನ್ನಿನಲ್ಲಿ ಇಡೀ ದೇಶ ನೋಡುತ್ತಿರುವಾಗ.

1995 ಅವರ ಪಾಲಿಗೆ ಕೆಟ್ಟ ವರ್ಷ. ಮಾರ್ಚ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಮೈಕ್ ಬರ್ನಾರ್ಡೊ ಹುಗ್ ಅವರನ್ನು ಹೊಡೆದುರುಳಿಸಿದರು. ಬರ್ನಾರ್ಡೊ 193 ಸೆಂಟಿಮೀಟರ್ ಎತ್ತರದ ಆಳು. ಕಾಲಿಗಿಂತ ಕೈಯನ್ನೇ ನಂಬಿದ ಗುದ್ದುಗಾರ. ಹುಗ್ ಅವರ ದೌರ್ಬಲ್ಯಕ್ಕೆಂದೇ ಹೇಳಿ ಮಾಡಿಸಿದಂಥ ಎದುರಾಳಿ. ಸೆಪ್ಟೆಂಬರಿನಲ್ಲಿ ಹುಗ್ ಮತ್ತೆ ಅವರನ್ನೇ ಎದುರಿಸಿದರು, ಮತ್ತೆ ನಾಕೌಟ್ ಆದರು. ಸ್ಮಿತ್ ವಿರುದ್ಧ ನಡೆದ ಕ್ರಮ ಇಲ್ಲಿ ನಡೆಯಲಿಲ್ಲ. ಎರಡನೆಯ ಸೋಲು ಮೊದಲನೆಯದಕ್ಕಿಂತ ಭಾರವಾದದ್ದು. ಮೊದಲ ಸಲ ಎಡವಿದೆ ಎನ್ನಬಹುದು. ಎರಡನೆಯ ಸಲ ಹಾಗೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಆಮೇಲೆ 1996ರ ಮೇ 6, ಯೊಕೊಹಾಮಾ ಅರೀನಾ. ಈ ಒಂದು ಸಂಜೆಯ ಬಗ್ಗೆ ಸಾವಕಾಶವಾಗಿ ಮಾತನಾಡಲು ಅನುಮತಿ ಕೊಡಿ.

ಎಂಟು ಜನರಲ್ಲಿ ಹುಗ್ ಅವರ ಮೊದಲ ಎದುರಾಳಿ ದಕ್ಷಿಣ ಆಫ್ರಿಕಾದ ಡ್ವೇನ್ ವಾನ್ ಡರ್ ಮರ್ವೆ. ಅದು ಮೊದಲ ಸುತ್ತಿನಲ್ಲೇ ಮುಗಿಯಿತು. ಸೆಮಿಫೈನಲ್‌ನಲ್ಲಿ ಎದುರು ಬಂದವರು ಅರ್ನೆಸ್ಟೊ ಹೋಸ್ಟ್. ಮುಂದೆ ನಾಲ್ಕು ಬಾರಿ ಈ ಪಟ್ಟವನ್ನು ಗೆದ್ದ ಹೋಸ್ಟ್ ಅವರಷ್ಟು ಲೆಕ್ಕಾಚಾರದ ಹೋರಾಟಗಾರ ಈ ಆಟದಲ್ಲಿ ಬಹಳ ಜನರಿಲ್ಲ. ಎರಡು ಮೂರು ಗುದ್ದುಗಳನ್ನು ಮೇಲೆ ತೋರಿಸಿ, ಎದುರಾಳಿಯ ಕೈ ಮೇಲೇರುತ್ತಿದ್ದಂತೆ ಕೆಳಗೆ ತೊಡೆಗೆ ಒದೆಯುವುದು ಅವರ ಪದ್ಧತಿ. ಬಾಗಿಲು ಕಾಯುವವನನ್ನು ಹಿತ್ತಿಲಿಗೆ ಕರೆಸಿ ಮುಂಬಾಗಿಲಿನಿಂದ ಒಳಗೆ ಹೋಗುವಂಥ ಜಾಣತನ ಅದು. ಮೂರು ಸುತ್ತು ಮುಗಿದರೂ ತೀರ್ಪುಗಾರರಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಲಾಗಲಿಲ್ಲ. ಹೆಚ್ಚುವರಿ ಸುತ್ತು ಆಡಿಸಿದರು. ಆಗಲೂ ಆಗಲಿಲ್ಲ. ಇನ್ನೊಂದು ಸುತ್ತು. ಐದನೆಯದು ಮುಗಿದಾಗ ಒಡೆದ ತೀರ್ಪಿನಲ್ಲಿ ಹುಗ್ ಗೆದ್ದರು. ಕ್ಯೊಕುಶಿನ್ ಕಾಲದಲ್ಲಿ ತೊಡೆಗೆ ತಿಂದ ಸಾವಿರಾರು ಒದೆತಗಳು ಅಂದು ಅವರ ನೆರವಿಗೆ ಬಂದವು ಎಂದು ನಾನು ನಂಬುತ್ತೇನೆ. ಹೋಸ್ಟ್ ಅವರ ಕಾಲು ಬೇರೆಯವರನ್ನು ಎರಡು ಸುತ್ತಿನಲ್ಲಿ ಕುಂಟಿಸುತ್ತಿತ್ತು. ಹುಗ್ ಐದು ಸುತ್ತು ನಿಂತೇ ಇದ್ದರು.

ಫೈನಲ್‌ನಲ್ಲಿ ಮೈಕ್ ಬರ್ನಾರ್ಡೊ.

ಐದು ಸುತ್ತಿನ ದಣಿವು ಮೈಯಲ್ಲಿದೆ. ಎದುರಿಗೆ ತನ್ನನ್ನು ಎರಡು ಬಾರಿ ಮಲಗಿಸಿದ ಮನುಷ್ಯ. ಕೈಗೆ ಕೈ ಕೊಟ್ಟು ಗುದ್ದಾಟಕ್ಕೆ ನಿಂತರೆ ಹುಗ್ ಸೋಲುತ್ತಾರೆ, ಅದು ಆಗಲೇ ಗೊತ್ತಾದ ಸಂಗತಿ. ತಲೆಗೆ ಕೊಡಲಿ ಒದೆತ ಹಾಕೋಣವೆಂದರೆ ಬರ್ನಾರ್ಡೊ ಉದ್ದದ ಆಳು, ಅದಕ್ಕಾಗಿ ಎಚ್ಚರವಾಗಿಯೇ ಇರುತ್ತಾರೆ. ಹುಗ್ ಆರಿಸಿಕೊಂಡದ್ದು ತೊಡೆಯನ್ನು. ದೂರ ಕಾಯ್ದುಕೊಂಡು ಒಂದೇ ಕಾಲಿಗೆ ಮತ್ತೆ ಮತ್ತೆ ಒದೆದರು. ಬರ್ನಾರ್ಡೊ ಅವರ ಭಾರ ಆ ಕಾಲಿನ ಮೇಲೆ ನಿಲ್ಲದಂತಾಯಿತು. ಎರಡನೆಯ ಸುತ್ತಿನಲ್ಲಿ ಹುಗ್ ಬೆನ್ನು ತಿರುಗಿಸಿದರು. ಇಡೀ ದೇಹ ಗಿರ್ರನೆ ಒಂದು ಸುತ್ತು ಸುತ್ತಿತು. ತಲೆಗೆ ಬರಬಹುದಾಗಿದ್ದ ಹಿಮ್ಮಡಿ ಕೆಳಗಿಳಿದು ಅದೇ ನೊಂದ ತೊಡೆಗೆ ಬಡಿಯಿತು. ಬರ್ನಾರ್ಡೊ ಬಿದ್ದರು. ಎಣಿಕೆ ಮುಗಿಯುವಷ್ಟರಲ್ಲಿ ಏಳಲಾಗಲಿಲ್ಲ.

ತಿರುಗಿ ಒದೆಯುವ ಹಿಮ್ಮಡಿ ಒದೆತ ಕರಾಟೆಯಲ್ಲಿ ಹಳೆಯದೇ. ಅದು ಸಾಮಾನ್ಯವಾಗಿ ತಲೆಗೋ ಹೊಟ್ಟೆಗೋ ಬರುತ್ತದೆ. ಅದನ್ನು ತೊಡೆಯ ಮಟ್ಟಕ್ಕೆ ಇಳಿಸಿ ಚಾಂಪಿಯನ್‌ಷಿಪ್‌ನ ಫೈನಲ್ ಗೆಲ್ಲಬಹುದೆಂದು ತೋರಿಸಿದವರು ಹುಗ್. ಜಪಾನಿಗರು ಅದಕ್ಕೆ 'ಹುಗ್ ಟಾರ್ನೆಡೊ' ಎಂದು ಹೆಸರಿಟ್ಟರು. ನನಗೆ ಇದರಲ್ಲಿ ಇಷ್ಟವಾಗುವುದು ಆ ಹೊಡೆತದ ಚಂದಕ್ಕಿಂತ ಅದರ ಹಿಂದಿನ ಯೋಚನೆ. ಬರ್ನಾರ್ಡೊ ಅವರಿಂದ ಎರಡು ಸಲ ಹೊಡೆತ ತಿಂದ ಮನುಷ್ಯ, ತಾನು ಯಾವ ಜಾಗದಲ್ಲಿ ಅವರನ್ನು ಮೀರಿಸಲಾರೆ ಎಂಬುದನ್ನು ಒಪ್ಪಿಕೊಂಡಿದ್ದಾನೆ. ಒಪ್ಪಿಕೊಂಡ ಮೇಲೆ ಮೀರಿಸಬಹುದಾದ ಜಾಗವನ್ನು ಹುಡುಕಿದ್ದಾನೆ. ಆ ಎರಡು ಸೋಲುಗಳು ಇರದಿದ್ದರೆ ಈ ಗೆಲುವಿನ ನಕ್ಷೆ ಅವರ ಕೈಗೆ ಸಿಗುತ್ತಿರಲಿಲ್ಲ.

ಚಾಂಪಿಯನ್ ಆದಾಗ ಅವರಿಗೆ 31 ವರ್ಷ. ಜಪಾನಿನಲ್ಲಿ ಅವರಿಗೆ ಸಿಕ್ಕ ಪ್ರೀತಿ ಕ್ರೀಡೆಯನ್ನು ದಾಟಿತ್ತು. ಜಾಹೀರಾತುಗಳಲ್ಲಿ ಅವರ ಮುಖ ಕಾಣಿಸಿತು. ಉಕ್ಕಿನ ಮನುಷ್ಯ ಎಂದು ಕರೆದರು. ಅವರೂ ಆ ನಾಡನ್ನು ಹಾಗೆಯೇ ಹಚ್ಚಿಕೊಂಡಿದ್ದರು. ಮಗನಿಗೆ ಸೆಯಾ ಎಂಬ ಜಪಾನಿ ಹೆಸರಿಟ್ಟಿದ್ದರು. ಅವರ ಸ್ವಂತ ದೇಶದಲ್ಲಿ ಕಿಕ್‌ಬಾಕ್ಸಿಂಗ್ ಎಂಬುದು ಜನರ ಆಟವೇ ಆಗಿರಲಿಲ್ಲ. ಸ್ವಿಟ್ಜರ್ಲೆಂಡಿನವರಿಗೆ ಹಿಮದ ಮೇಲಿನ ಆಟಗಳು, ಫುಟ್‌ಬಾಲ್, ಸೈಕಲ್ ಓಟ ಗೊತ್ತು. ಅಂಥ ದೇಶದಲ್ಲಿ ವರ್ಷಕ್ಕೊಮ್ಮೆ ಜ್ಯೂರಿಕ್‌ನ ಹಾಲೆನ್‌ಸ್ಟೇಡಿಯನ್ ಎಂಬ ದೊಡ್ಡ ಸಭಾಂಗಣದಲ್ಲಿ ಕೆ-1 ಪಂದ್ಯ ನಡೆಯುವಂತಾದದ್ದು ಈ ಒಬ್ಬ ಮನುಷ್ಯನ ಹೆಸರಿನ ಬಲದಿಂದ.

ಮುಂದಿನ ಎರಡು ವರ್ಷವೂ ಅವರು ಫೈನಲ್ ತಲುಪಿದರು. 1997ರಲ್ಲಿ ಟೋಕಿಯೊ ಡೋಮ್‌ನಲ್ಲಿ ಮಸಾಕಿ ಸತಾಕೆ ಅವರನ್ನು 15 ಸೆಕೆಂಡಿನಲ್ಲಿ ಕೆಡವಿ, ಪೀಟರ್ ಆರ್ಟ್ಸ್ ಅವರನ್ನು ದಾಟಿ, ಕೊನೆಗೆ ಹೋಸ್ಟ್ ಅವರಿಗೆ ತೀರ್ಪಿನಲ್ಲಿ ಸೋತರು. 1998ರಲ್ಲಿ ಆರ್ಟ್ಸ್ ಅವರ ಕಾಲು ಮೊದಲ ಸುತ್ತಿನಲ್ಲೇ ತಲೆಗೆ ಬಿದ್ದು ಫೈನಲ್ ಕೈತಪ್ಪಿತು. 1999ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಹೋಸ್ಟ್ ಅಡ್ಡ ಬಂದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸೋಲಿಸಿದ ಎಲ್ಲರನ್ನೂ ಹುಗ್ ತಿರುಗಿ ಸೋಲಿಸಿದರು ಎಂದು ಕೆಲವರು ಬರೆಯುವುದುಂಟು. ಅದು ನಿಜವಲ್ಲ. 1997ರ ಜುಲೈ ತಿಂಗಳಲ್ಲಿ ಫಿಲ್ಹೊ ಕಿಕ್‌ಬಾಕ್ಸಿಂಗ್ ರಿಂಗಿಗೆ ಬಂದರು. ಅವರ ಮೊದಲ ಪಂದ್ಯವೇ ಹುಗ್ ಅವರ ಎದುರು. ಕರಾಟೆಯ ಆ ಹಳೆಯ ಬಾಕಿ ತೀರುತ್ತದೆಂದು ಜನ ಕಾದಿದ್ದರು. ಫಿಲ್ಹೊ ಮೊದಲ ಸುತ್ತಿನಲ್ಲೇ ಹುಗ್ ಅವರನ್ನು ನಾಕೌಟ್ ಮಾಡಿದರು. ಆ ಲೆಕ್ಕ ಕೊನೆಯವರೆಗೂ ತೀರಲಿಲ್ಲ. ಮತ್ಸುಯಿ ಎದುರಿನ ಸೋಲೂ ಸೋಲಾಗಿಯೇ ಉಳಿಯಿತು. ಕಥೆ ಚೆನ್ನಾಗಿರಲಿ ಎಂದು ಇವನ್ನು ಬಿಟ್ಟುಬಿಟ್ಟರೆ ನಾವು ಆ ಮನುಷ್ಯನಿಗೆ ಮಾಡುವುದು ಅನ್ಯಾಯ. ಹುಗ್ ಅವರ ಹಿರಿಮೆ ಎಲ್ಲರನ್ನೂ ತಿರುಗಿ ಸೋಲಿಸಿದ್ದರಲ್ಲಿದೆ ಎಂದು ನನಗೆ ಅನ್ನಿಸುವುದಿಲ್ಲ. ಫಲ ಏನಾದರೂ ಆಗಲಿ, ಮತ್ತೆ ಅವರ ಎದುರಿಗೆ ಹೋದದ್ದರಲ್ಲಿದೆ.

ಅಂಕಿಗಳಲ್ಲಿ ಅಳೆಯುವವರಿಗೆ ಅಂಕಿಗಳೂ ಇವೆ. ಕಿಕ್‌ಬಾಕ್ಸಿಂಗಿನಲ್ಲಿ ಅವರು ಆಡಿದ್ದು 47 ಪಂದ್ಯ. 37 ಗೆಲುವು, 9 ಸೋಲು, ಒಂದು ಸಮ. ಹೋಸ್ಟ್ ನಾಲ್ಕು ಸಲ ಕೆ-1 ಚಾಂಪಿಯನ್, ಆರ್ಟ್ಸ್ ಮೂರು ಸಲ, ಅವರ ನಂತರ ಬಂದ ಸೆಮ್ಮಿ ಶಿಲ್ಟ್ ನಾಲ್ಕು ಸಲ. ಹುಗ್ ಒಂದೇ ಸಲ. ಪಟ್ಟಗಳನ್ನು ಎಣಿಸುವ ಪಟ್ಟಿಯಲ್ಲಿ ಅವರು ಮೊದಲ ಮೂವರಲ್ಲಿ ಬರುವುದಿಲ್ಲ, ಬರಬೇಕೆಂದು ನಾನು ವಾದಿಸುವುದೂ ಇಲ್ಲ. ಆದರೆ ಆರ್ಟ್ಸ್ 192 ಸೆಂಟಿಮೀಟರ್, ಹೋಸ್ಟ್ 189, ಬರ್ನಾರ್ಡೊ 193. ಇವರೆಲ್ಲರ ನಡುವೆ 180 ಸೆಂಟಿಮೀಟರಿನ ಒಬ್ಬ, 29ನೇ ವಯಸ್ಸಿನಲ್ಲಿ ಗ್ಲೌಸ್ ತೊಟ್ಟು, ಸತತ ಮೂರು ವರ್ಷ ಫೈನಲ್ ಆಡಿದ. ಆ ಮೂರು ವರ್ಷಗಳನ್ನು ಯೋಚಿಸಿದಾಗ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ.

2000ನೇ ಇಸವಿಯ ಜೂನ್ 3ರಂದು ಜ್ಯೂರಿಕ್‌ನ ಹಾಲೆನ್‌ಸ್ಟೇಡಿಯನ್‌ನಲ್ಲಿ ಹುಗ್ ತಾಯ್ನಾಡಿನ ತಮ್ಮ ವಿದಾಯ ಪಂದ್ಯ ಆಡಿದರು. ಎದುರಾಳಿ ಕ್ರೊಯೇಷಿಯಾದ ಮಿರ್ಕೊ ಫಿಲಿಪೊವಿಚ್. ಮುಂದೆ 'ಕ್ರೊ ಕಾಪ್' ಎಂಬ ಹೆಸರಿನಲ್ಲಿ ಜಗತ್ತನ್ನೇ ನಡುಗಿಸಿದವರು, ಹುಗ್ ಅವರಿಗಿಂತ ಹತ್ತು ವರ್ಷ ಚಿಕ್ಕವರು. ವಿದಾಯಕ್ಕೆ ಸುಲಭದವನೊಬ್ಬನನ್ನು ಆರಿಸಿಕೊಳ್ಳಬಹುದಿತ್ತು. ಅಲ್ಲೂ ಹುಗ್ ಹಾಗೆ ಮಾಡಲಿಲ್ಲ. ತೀರ್ಪಿನಲ್ಲಿ ಗೆದ್ದರು. ಜುಲೈ 7ರಂದು ಜಪಾನಿನ ಸೆಂಡಾಯ್‌ನಲ್ಲಿ ನೊಬು ಹಯಾಶಿ ಅವರನ್ನು ಮೊದಲ ಸುತ್ತಿನಲ್ಲೇ ನಾಕೌಟ್ ಮಾಡಿದರು. ಅದೇ ಕೊನೆಯ ಪಂದ್ಯವೆಂದು ಯಾರಿಗೂ ತಿಳಿದಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಮೈಯಲ್ಲಿ ಜ್ವರ ಕಾಣಿಸಿತು, ಮೂಗಿನಿಂದ ರಕ್ತ ಸುರಿಯಿತು. ಟೋಕಿಯೊದ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ತಿಳಿದದ್ದು ತೀವ್ರ ರೂಪದ ರಕ್ತ ಕ್ಯಾನ್ಸರ್. ಈ ರೋಗದಲ್ಲಿ ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟಿ, ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತಾಗುತ್ತದೆ. ಸೋಂಕು ತಡೆಯುವ ಶಕ್ತಿ ಕುಂದುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಎಷ್ಟು ಗಟ್ಟಿ ದೇಹವಾದರೂ ಕೆಲವೇ ದಿನಗಳಲ್ಲಿ ಸೋತುಹೋಗಬಹುದು. ತಮ್ಮ ಕಾಯಿಲೆಯನ್ನು ಅಭಿಮಾನಿಗಳಿಂದ ಬಚ್ಚಿಡಬಾರದೆಂದು ಹುಗ್ ಬಯಸಿದರು. ಜಪಾನಿನಲ್ಲೇ ಈ ರೋಗದೊಡನೆ ಸೆಣಸುತ್ತೇನೆಂದು ಅವರಿಗೆ ಸಂದೇಶ ಕಳಿಸಿದರು. ಆಗಸ್ಟ್ 24ರ ಸಂಜೆ ತೀರಿಕೊಂಡರು. ಸೆಂಡಾಯ್ ಪಂದ್ಯ ಆಡಿ 48 ದಿನವಾಗಿತ್ತು. 36 ತುಂಬಲು ಎರಡು ವಾರ ಬಾಕಿ. ಮಗನಿಗೆ ಐದು ವರ್ಷ.

ಟೋಕಿಯೊದಲ್ಲಿ ನಡೆದ ಅಂತ್ಯಕ್ರಿಯೆಗೆ ಹನ್ನೆರಡು ಸಾವಿರದಷ್ಟು ಜನ ಬಂದರು. ಕ್ಯೋಟೊದ ಒಂದು ಬೌದ್ಧ ದೇವಾಲಯದಲ್ಲಿ ಅವರ ಅಸ್ಥಿಯನ್ನು ಇಟ್ಟಿದ್ದಾರೆ. ವೊಹ್ಲೆನ್‌ನ ಹುಡುಗ ಜಪಾನಿನ ಮಣ್ಣಿಗೆ ಸೇರಿದ. ಅವರ ದೊಡ್ಡ ಎದುರಾಳಿ ಮೈಕ್ ಬರ್ನಾರ್ಡೊ ಕೂಡ ಈಗ ಇಲ್ಲ. 2012ರಲ್ಲಿ, 42ನೇ ವಯಸ್ಸಿಗೇ ತೀರಿಹೋದರು. ಕೊನೆಯ ದಿನಗಳಲ್ಲಿ ಅವರನ್ನು ಖಿನ್ನತೆ ಕಾಡುತ್ತಿತ್ತು. ಹುಗ್ ಅವರನ್ನು ನೆನೆಯುವಾಗ ಬರ್ನಾರ್ಡೊ ಅವರನ್ನು ಬಿಟ್ಟು ನೆನೆಯಲು ನನಗೆ ಮನಸ್ಸಾಗುವುದಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕಥೆ ಪೂರ್ಣವಾಗದು.

ಕಿಕ್‌ಬಾಕ್ಸಿಂಗ್ ಕಲಿಯುತ್ತಿರುವ ಮಕ್ಕಳು ನಮ್ಮಲ್ಲಿ ಈಗ ಹೆಚ್ಚುತ್ತಿದ್ದಾರೆ. ಈ ಆಟದ ವಿಶ್ವ ಸಂಸ್ಥೆಗೆ 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿದೆ. ಆ ಮಕ್ಕಳಿಗೂ ಅವರ ತಂದೆ ತಾಯಿಯರಿಗೂ ನನ್ನದೊಂದು ಕೋರಿಕೆ. ಹುಗ್ ಅವರ ಪಂದ್ಯಗಳ ದೃಶ್ಯಗಳು ಇವತ್ತು ಸುಲಭವಾಗಿ ನೋಡಲು ಸಿಗುತ್ತವೆ. ಎಲ್ಲರೂ ಹುಡುಕುವುದು ಆ ತಿರುಗುವ ಒದೆತವನ್ನು, ಬರ್ನಾರ್ಡೊ ಬೀಳುವ ಕ್ಷಣವನ್ನು. ಅದನ್ನು ನೋಡಿ, ಆದರೆ ಮೊದಲು ಅದೇ ಸಂಜೆಯ ಹೋಸ್ಟ್ ವಿರುದ್ಧದ ಸೆಮಿಫೈನಲ್ ನೋಡಿ. ಐದೂ ಸುತ್ತು, ನಡುವೆ ಎಲ್ಲೂ ಓಡಿಸದೆ. ಹೋಸ್ಟ್ ಮೇಲೆ ಗುದ್ದು ತೋರಿಸಿದಾಗ ಹುಗ್ ಅವರ ಕೈ ಎಲ್ಲಿರುತ್ತದೆ, ತೊಡೆಗೆ ಒದೆತ ಬಿದ್ದ ಮರುಗಳಿಗೆಯಲ್ಲಿ ಅವರ ಕಾಲು ಹಿಂದೆ ಹೋಗುತ್ತದೋ ಮುಂದೆ ಬರುತ್ತದೋ, ನಾಲ್ಕನೆಯ ಸುತ್ತಿನ ಗಂಟೆಗೆ ಇಬ್ಬರಲ್ಲಿ ಯಾರು ಮೊದಲು ಮೂಲೆಯಿಂದ ಏಳುತ್ತಾರೆ, ಇವನ್ನು ಗಮನಿಸಿ. ತೀರ್ಪು ಒಡೆದ ತೀರ್ಪು. ನೋಡಿದ ಮೇಲೆ ನಿಮ್ಮ ಮತ ಹೋಸ್ಟ್ ಕಡೆಗೂ ಬೀಳಬಹುದು. ಹಾಗಾದರೆ ಅದಕ್ಕೂ ತಕ್ಕ ಕಾರಣಗಳು ಆ ಪಂದ್ಯದಲ್ಲಿವೆ.